ಉಚ್ಚೆಯ ಉಪ್ಪಿಗೆ ಬೀಗ ಜಡಿದವರಿಗೆ

ನಗರಪಾಲಿಕೆಯ ಮಾನ್ಯ ಕೃಷಿ ಅಧಿಕಾರಿಗಳೇ,

ನಮ್ಮ ಲುಂಖುಸಿ ಗ್ರಾಮದ ಉಚ್ಚೆಗೆ ತಾವು ಬೀಗ ಹಾಕಿಸಿದ್ದೀರಿ. ಒರಟಾಗಿ ಹೇಳಿದೆನೇನೋ, ಕ್ಷಮಿಸಿ. ತಮ್ಮ ನೋಟಿಸಿನಲ್ಲಿ ಅದಕ್ಕೆ 'ಮಾನವಮೂಲದ ದ್ರವತ್ಯಾಜ್ಯದಿಂದ ತಯಾರಿಸಲಾದ ಅವರ್ಗೀಕೃತ ಪದಾರ್ಥ' ಎಂದು ನಾಮಕರಣವಾಗಿದೆ. ಅದನ್ನು ನನ್ನ ಅತ್ತೆ ಹೀರಾಥಕುಂ ಅವರಿಗೆ ಓದಿ ಹೇಳಿದೆ. "ಇಷ್ಟುದ್ದ ಹೆಸರಿಟ್ರೆ ಅದೇನು ಗಂಗಾಜಲ ಆಗ್ಬಿಡತ್ತಾ?" ಎಂದು ಕೇಳಿದರು. ಉತ್ತರ ತಮ್ಮಲ್ಲಿದ್ದರೆ ತಿಳಿಸಬೇಕು.

ತಾವು ಯಾವುದಕ್ಕೆ ಬೀಗ ಹಾಕಿದಿರೆಂಬುದನ್ನು ಊರವರೆಲ್ಲರೂ ತಿಳಿಯಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಮನೆಗಳ ಕಕ್ಕಸಿನಲ್ಲಿ ಎರಡು ದಾರಿಗಳಿವೆ, ಗಟ್ಟಿಗೊಂದು, ನೀರಿಗೊಂದು. ನೀರು ಕ್ಯಾನಿನಲ್ಲಿ ತುಂಬುತ್ತದೆ. ಸೈಕಲ್ ರಿಪೇರಿಯ ಚಿನಿಕಾಜಿ ಅದನ್ನು ಮನೆಮನೆಯಿಂದ ಒಯ್ದು ದೊಡ್ಡ ಪೀಪಾಯಿಗೆ ಸುರಿದು, ಮೆಗ್ನೀಸಿಯಂ ಉಪ್ಪು ಹಾಕಿ ಹಿಡಿಕೆ ತಿರುಗಿಸುತ್ತಾರೆ. ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ ಬಿಳೀ ಪುಡಿ ಉಳಿಯುತ್ತದೆ. ವಾಸನೆಯಿಲ್ಲ, ಅಂಟಿಲ್ಲ. ಬೇರು ಬಯಸುವ ರಂಜಕವೆಲ್ಲ ಅದರಲ್ಲಿದೆ. ನಮ್ಮ ಅಜ್ಜಂದಿರು ಪೇಟೆಯ ಓಣಿಗಳ ಹೊಲಸನ್ನೆಲ್ಲ ಕಾವಡಿಯಲ್ಲಿ ಹೊತ್ತು ತಂದೇ ಈ ಕಣಿವೆಗೆ ಅನ್ನ ಹಾಕಿದವರು. ಆಮೇಲೆ ಚೀಲದ ಗೊಬ್ಬರ ಬಂತು. ಯಾವುದೋ ದೇಶದ ಗುಡ್ಡ ಅಗೆದು, ಹಡಗಿಗೆ ತುಂಬಿ, ಕಲ್ಕತ್ತೆಯಲ್ಲಿ ಇಳಿಸಿ, ಲಾರಿಯಲ್ಲಿ ಬೆಟ್ಟ ಹತ್ತಿಸಬೇಕಾದ ಆ ಗೊಬ್ಬರ ಪ್ರತಿ ಆಷಾಢದಲ್ಲೂ ಬರಬೇಕಾದ ಹೊತ್ತಿಗೆ ಬರುವುದಿಲ್ಲ. "ಹಡಗು ಬಂದಿದೆ" ಎಂದು ತಾವು ಸಮಾಧಾನ ಹೇಳುತ್ತೀರಿ. ಸ್ವಾಮಿ, ನಮ್ಮ ಗದ್ದೆಯಲ್ಲಿ ಹಡಗು ತೇಲುವಷ್ಟು ನೀರು ನಿಲ್ಲುವುದಿಲ್ಲ.

ತಮಗೆ ಈ ಪುಡಿಯ ಬಗ್ಗೆ ಅಸಹ್ಯವಿರುವುದು ಸಹಜ. ಅತ್ತೆಗೂ ಇತ್ತು. "ನನ್ನ ಹೂಕೋಸಿನ ಪಾತಿ ಹತ್ರ ಅದನ್ನ ತಂದ್ರೆ ಕೈ ಮುರೀತೀನಿ" ಎಂದು ಚಿನಿಕಾಜಿಗೇ ಹೇಳಿದ್ದರು. ಹೋದ ಚಳಿಗಾಲದಲ್ಲಿ ಚಿನಿಕಾಜಿ ಒಂದು ಮೂಟೆಯನ್ನು ನಮ್ಮ ಜಗುಲಿಯಲ್ಲಿ ಇಳಿಸಿ ಚಹಾ ಕುಡಿಯಲು ಹೋದರು. ಅತ್ತೆ ಅದನ್ನು ಸಹಕಾರ ಸಂಘದ ಗೊಬ್ಬರವೆಂದುಕೊಂಡು, ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಪಾತಿಗೆಲ್ಲ ಹಾಕಿ ಮುಗಿಸಿದರು. ಹೂಕೋಸು ಬಂತು ನೋಡಿ, ಒಂದೊಂದೂ ಮದುವೆಯ ಪೇಟದಷ್ಟು! ಅತ್ತೆ ಅವನ್ನು ಮಡಿಲಲ್ಲಿಟ್ಟುಕೊಂಡು ಓಣಿಯೆಲ್ಲ ಮೆರೆದರು. "ನೋಡ್ರೇ, ಸರಕಾರದ ಗೊಬ್ಬರ ಅಂದ್ರೆ ಇದು!"

ಚಿನಿಕಾಜಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ಸರಕಾರದ್ದಲ್ಲ ಅದು. ಅದ್ರಲ್ಲಿ ಅರ್ಧ ನಿಮ್ಮದೇ!"

ಅತ್ತೆ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತರು. ಅಂದು ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಯಿಂದ ಮೆಂತ್ಯದ ಒಗ್ಗರಣೆಯ ಘಮ ಬಂತು. ಹೋಗಿ ನೋಡಿದರೆ ಅತ್ತೆ ಅದೇ ಹೂಕೋಸಿನ ಪಲ್ಯವನ್ನು ಅವಲಕ್ಕಿಯ ಜೊತೆ ಬಾಚಿ ಬಾಚಿ ತಿನ್ನುತ್ತಿದ್ದರು. "ಏನೇ ನೋಡ್ತೀಯಾ? ನಂದೇ ತಾನೇ!" ಎಂದರು.

ಆ ದಿನದಿಂದ ನಮ್ಮ ಮನೆಗೆ ಬಂದ ಅತಿಥಿಗಳಿಗೆ ಬಿಡುಗಡೆ ಇಲ್ಲ. ಬುಂಗಮತಿಯಿಂದ ನನ್ನ ನಾದಿನಿಯನ್ನು ನೋಡಲು ಬಂದ ಗಂಡಿನ ಕಡೆಯವರು ಹೊರಟು ನಿಂತಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹೆಣ್ಣು ಒಪ್ಪೋದು ಬಿಡೋದು ನಿಮ್ಮಿಷ್ಟ. ನಮ್ಮನೇಲಿ ಕುಡಿದದ್ದನ್ನ ಮಾತ್ರ ಬುಂಗಮತಿಗೆ ಹೊತ್ಕೊಂಡು ಹೋಗೋ ಹಾಗಿಲ್ಲ." ನಾದಿನಿ ನಾಚಿಕೆಯಿಂದ ಅಟ್ಟ ಹತ್ತಿದಳು. ಗಂಡಿನ ತಂದೆ ಹೊಟ್ಟೆ ಹಿಡಿದು ನಗುತ್ತಾ ಹಿತ್ತಲಿಗೆ ಹೋಗಿಬಂದರು, ಸಂಬಂಧ ಅಲ್ಲೇ ಕುದುರಿತು. ತಮ್ಮ ಶಾಖೆಯ ಯಾವ ಯೋಜನೆಯಾದರೂ ಇಷ್ಟು ಬೇಗ ಫಲ ಕೊಟ್ಟದ್ದುಂಟೇ?

ತಾವೂ ಪರಿಶೀಲನೆಗೆಂದು ದಯಮಾಡಿಸಿದಿರಿ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಪುಡಿ ನೋಡಿದಿರಿ. "ಹಾಕಿಮ್ ಸಾಬ್, ಇನ್ನೊಂದು ಲೋಟ ಚಾ" ಎಂದು ಅತ್ತೆ ಮತ್ತೆ ಮತ್ತೆ ಬಗ್ಗಿಸಿದ್ದು ಬರೀ ಅಧಿಕಾರಿಯೆಂಬ ಗೌರವದಿಂದಲ್ಲ ಎಂದು ತಮಗೆ ಹೊಳೆಯಲಿಲ್ಲ. ಕೊನೆಗೆ ತಾವು ನನ್ನ ಕಡೆ ಬಾಗಿ, ಮೆಲುದನಿಯಲ್ಲಿ ಹಿತ್ತಲಿನ ದಾರಿ ಕೇಳಿದಿರಿ. ಹೊರಬಂದಾಗ ಓಣಿಯ ಜನ ಚಪ್ಪಾಳೆ ತಟ್ಟಿದ್ದು ಅವಮಾನಿಸಲಿಕ್ಕಲ್ಲ. ಅದು ನಮ್ಮಲ್ಲಿ ದಾನಿಗಳಿಗೆ ಸಲ್ಲುವ ಮರ್ಯಾದೆ.

ಆ ಮರ್ಯಾದೆಗೆ ತಾವು ಕೊಟ್ಟ ಪ್ರತಿಫಲ ನೋಟಿಸು. ಪುಡಿಯ ಮೂಟೆಗಳಿದ್ದ ಕೋಣೆಗೆ ಬೀಗ, ಅರಗಿನ ಮೊಹರು. ನಾನು ತಮ್ಮ ಕಚೇರಿಗೆ ಓಡಿ ಬಂದೆ. ತಮ್ಮ ಗುಮಾಸ್ತರು, "ಇದು ಗೊಬ್ಬರ ಅಲ್ಲಮ್ಮಾ, ತ್ಯಾಜ್ಯ. ಮೇಲೆ ನೈರ್ಮಲ್ಯ ಶಾಖೆಗೆ ಹೋಗಿ" ಎಂದರು. ಮೇಲಿನವರು, "ತ್ಯಾಜ್ಯ ಅಂದ್ರೆ ಎಸೆಯೋ ವಸ್ತು. ನೀವು ಬೆಳೆಗೆ ಹಾಕ್ತೀರಲ್ಲ, ಹಾಗಾದ್ರೆ ಗೊಬ್ಬರ. ಕೆಳಗೆ ಹೋಗಿ" ಎಂದರು. ಕೆಳಗೆ ತ್ಯಾಜ್ಯ, ಮೇಲೆ ಗೊಬ್ಬರ. ಹಾಗಾದರೆ ಮೆಟ್ಟಿಲಿನ ಮೇಲೆ ಅದು ಏನು? ನಡುಮೆಟ್ಟಿಲಿನಲ್ಲಿ ನಿಂತು ನಾನೊಬ್ಬಳೇ ನಕ್ಕುಬಿಟ್ಟೆ. ಅತ್ತಿದ್ದರೆ ಬಹುಶಃ ಯಾರಾದರೂ ಕುಡಿಯಲು ನೀರು ಕೊಡುತ್ತಿದ್ದರು. ನಗುವವಳನ್ನು ಕಾವಲುಗಾರ ಹೊರಗೆ ಕಳಿಸಿದ.

ಅಷ್ಟರಲ್ಲಿ ಮಳೆ ಹಿಡಿಯಿತು. ಗದ್ದೆ ಹದಗೊಂಡಿತು, ಅಗೆ ನಾಟಿಗೆ ಸಿದ್ಧವಾಗಿ ನಿಂತಿತು. ಈಗ ನೆಟ್ಟರೆ ಉಂಟು, ಇಲ್ಲವಾದರೆ ವರ್ಷವೆಲ್ಲ ಅಂಗಡಿಯ ಅಕ್ಕಿ. ಸಹಕಾರ ಸಂಘದಲ್ಲಿ ಕೇಳಿದರೆ ಮತ್ತದೇ ಹಡಗು. ನಾಟಿಯ ದಿನ ಬೆಳಗ್ಗೆ, ಬಿಸಿಲು ಏರಿ ಊರೆಲ್ಲ ನೋಡುತ್ತಿರುವಾಗಲೇ, ಅತ್ತೆ ಗುದ್ದಲಿ ಹೆಗಲಿಗೇರಿಸಿ ಕೋಣೆಯ ಮುಂದೆ ಹೋಗಿ ನಿಂತರು.

"ಅತ್ತೇ, ಸರಕಾರದ ಬೀಗ ಅದು!"

"ಬೀಗ ಅವರದ್ದು, ಒಳಗಿರೋದು ನಮ್ಮದು. ಅವರದ್ದನ್ನ ಅವರಿಗೆ ಕಳಿಸು."

ಗುದ್ದಲಿ ಬಿತ್ತು, ಬೀಗವೂ ಬಿತ್ತು. ಈ ಪತ್ರದ ಜೊತೆ ಅದನ್ನು ಕಳಿಸಿದ್ದೇನೆ, ಸ್ವೀಕರಿಸಬೇಕು.

ಆ ದಿನ ತಾವು ಇರಬೇಕಿತ್ತು! ಗಂಡಸರು ಗದ್ದೆ ತುಳಿದರು, ನಾವು ಹೆಂಗಸರು ಬಿಳೀ ಪುಡಿಯನ್ನು ಅಕ್ಷತೆಯ ಹಾಗೆ ತೂರಿದೆವು. ಚಿನಿಕಾಜಿಯನ್ನು ಹಿಡಿದು ಕೆಸರಿನಲ್ಲಿ ಹೊರಳಾಡಿಸಿದೆವು. ನಾದಿನಿಯ ಭಾವೀ ಮಾವ ಬುಂಗಮತಿಯಿಂದ ಎರಡು ಕ್ಯಾನು ತುಂಬಿಸಿಕೊಂಡು ಬಂದು, "ಉಡುಗೊರೆ ತಂದಿದ್ದೀನಿ, ಬೀಗಿತ್ತೀ!" ಎಂದು ಬದುವಿನ ಮೇಲಿಂದ ಕೂಗಿದರು. ಮೊಸರವಲಕ್ಕಿ ತಿಂದೆವು, ಹಾಡಿದೆವು, ನಕ್ಕು ನಕ್ಕು ಸೊಂಟ ನೋಯಿಸಿಕೊಂಡೆವು. ಅಗೆ ಈಗ ಬೇರು ಹಿಡಿದಿದೆ. ಹಸಿರು ಹೇಗಿದೆಯೆಂದು ನಾನು ಹೇಳಿದರೆ ಜಂಬವಾಗುತ್ತದೆ.

ಇನ್ನು ನಮ್ಮ ಬೇಡಿಕೆ. ಆ ಪುಡಿ ಗೊಬ್ಬರವೆಂದು ಒಂದು ಸಾಲು ಬರೆದು ಮೊಹರು ಒತ್ತಿ ಕೊಡಿ, ಬರುವ ವರ್ಷ ಗುದ್ದಲಿಗೆ ಬೇರೆ ಕೆಲಸವಿರಲಿ. ಅದು ತ್ಯಾಜ್ಯವೇ ಎಂದಾದರೆ ತಮ್ಮ ಸಿಬ್ಬಂದಿಯನ್ನು ಕಳಿಸಿ, ಕೆಸರಿನಿಂದ ಹರಳು ಹರಳಾಗಿ ಹೆಕ್ಕಿಸಿಕೊಂಡು ಹೋಗಿ. ಎರಡೂ ಆಗದಿದ್ದರೆ ಅತ್ತೆಯನ್ನಾದರೂ ಬಂಧಿಸಿ, ಆದರೆ ಬೇಗ ಬನ್ನಿ. ಬೀಗ ಒಡೆದ ಮರುದಿನದಿಂದ ಅವರು ಹಬ್ಬಕ್ಕೆಂದಿಟ್ಟ ಕೆಂಪಂಚಿನ ಕರೀ ಸೀರೆ ಉಟ್ಟು, ತಲೆ ಬಾಚಿ, ಬೆಳಗಿನಿಂದ ಹೊಸ್ತಿಲಲ್ಲಿ ಕೂರುತ್ತಾರೆ. ಸಂಜೆಯಾದರೆ, "ಪೊಲೀಸ್ನೋರು ಇವತ್ತೂ ಬರ್ಲಿಲ್ವೇನೇ?" ಎಂದು ಬೇಸರಪಡುತ್ತಾರೆ. ಗದ್ದೆಯಲ್ಲಿ ಕಳೆ ಏಳುತ್ತಿದೆ. ಆ ಸೀರೆಯುಟ್ಟು ಅವರು ಕೆಸರಿಗೆ ಇಳಿಯುವವರಲ್ಲ, ಬಿಚ್ಚಿಡಿ ಎಂದು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ಅಪರಾಧಿಯ ಪಾಲಿನ ಕಳೆಯನ್ನೂ ತಾನೇ ಕೀಳುತ್ತಿರುವ ಸೊಸೆ,
ಅಷ್ಟಮಾಯಾ ಮಹರ್ಜನ್