ಬಲಗೈ ಗ್ಲೌಸ್

ಮಾರ್ಚ್ 4, ಸೋಮವಾರ. ಬೆಳಿಗ್ಗೆ 6.20

ಹಾಲು ಉಕ್ಕಿತು. ಒಲೆ ಒರೆಸಿ ಬಂದು ಕೂತೆ. ಇವರಿನ್ನೂ ಎದ್ದಿಲ್ಲ. ಯೂನಿಯನ್ ಎಲೆಕ್ಷನ್ ಮುಗಿದು ಮೂರು ದಿನ. ಮತ್ತೆ ಆ ದಪ್ಪ ಮೀಸೆಯವನೇ ಕಾರ್ಯದರ್ಶಿ, ನನ್ನ ಬಾಯಲ್ಲಿ ಬರೀ ಮೀಸೆ. ಮೂವತ್ತೊಂದು ಓಟಿನ ಅಂತರ. ಶುಕ್ರವಾರ ಫ್ಯಾಕ್ಟರಿ ಗೇಟಿನ ಮುಂದೆ ಹಾರ ಹಾಕಿಕೊಂಡು ನನಗೇ ಕೈ ಮುಗಿದ. ನಾನೂ ಮುಗಿದೆ, ಹಲ್ಲು ಕಚ್ಚಿಕೊಂಡು.

ಮಧ್ಯಾಹ್ನ 1.10, ಕ್ಯಾಂಟೀನ್

ಬಂತು! ಮೀಸೆಯ ಮೇಲೆ ದೂರು ಬಂತು. ಬರೆದುಕೊಟ್ಟವನು ಅವನೆದುರು ಸೋತ ಟ್ರಕ್ ಡ್ರೈವರ್. ಎಲೆಕ್ಷನ್ ವಾರ ಸ್ಟೋರಿನಿಂದ ಕೊಟ್ಟ ಗ್ಲೌಸಿನೊಳಗೆ ಕರಪತ್ರ ಇತ್ತಂತೆ. ಡ್ರೈವರ್ ಮ್ಯಾನೇಜ್‌ಮೆಂಟಿಗೆ ಮಾರಿಕೊಂಡವನು, ಅವನ ಮಗಳ ಕೆಲಸ ಅವರ ಕೃಪೆ, ಅಂತೆಲ್ಲ ಅದರಲ್ಲಿ. ಸಾಕ್ಷಿಗೆ ಪ್ಯಾಕಿಂಗ್‌ನವರ ಗ್ಲೌಸ್ ಒಂದನ್ನು ಪಿನ್ ಹೊಡೆದು ಇಟ್ಟಿದ್ದಾನೆ.

ನಿಯಮ ನನಗೆ ಬಾಯಿಪಾಠ. ಕಂಪನಿ ಸಾಮಾನು ಪ್ರಚಾರಕ್ಕೆ ಬಳಸುವಂತಿಲ್ಲ. ಬಳಸಿದ್ದರಿಂದ ಫಲಿತಾಂಶ ಬದಲಾಗಿರಬಹುದು ಅನಿಸಿದರೆ ಮರುಚುನಾವಣೆ, ತಪ್ಪು ಮಾಡಿದವನು ನಿಲ್ಲುವಂತಿಲ್ಲ. ಬದಲಾಗಿರಲಾರದು ಅಂದರೆ ಒಂದು ಎಚ್ಚರಿಕೆ ಪತ್ರ, ಅಷ್ಟೇ. ತೀರ್ಮಾನ ದೂರು ಸಮಿತಿಯದು. ಸಮಿತಿಯಲ್ಲಿ ಮೂವರು: ಹೊರಗಿನಿಂದ ಕರೆಸಿದ ರಿಟೈರ್ಡ್ ಮೇಷ್ಟ್ರು, ಎಲ್ಲದಕ್ಕೂ ತಲೆಯಾಡಿಸುವ ಕ್ಲರ್ಕ್... ಮತ್ತೆ ನಾನು.

ಮೂರು ವರ್ಷದ ಹಿಂದೆ ಇಂಥದೇ ಕರಪತ್ರ ನನ್ನ ಮೇಲೆ ಬಂದಿತ್ತು, ಒಂದು ಪ್ಯಾಕಿಂಗ್ ಹತ್ತಿರ ನೆಲದ ಮೇಲೆ ಸಿಕ್ಕಿತ್ತು. ಗಂಡನಿಗೆ ಆಫೀಸಿನಲ್ಲಿ ಕುರ್ಚಿ ಕೊಡಿಸಿಕೊಂಡು ಮಾರಿಕೊಂಡಳು ಅಂತ. ಇವರು ಪರೀಕ್ಷೆ ಬರೆದು ಪಾಸಾದವರು! ಮೀಸೆಯ ಎದುರು ಮೂವತ್ತನಾಲ್ಕು ಓಟಿನಿಂದ ಸೋತೆ. ಹನ್ನೆರಡು ವರ್ಷ ಚರ್ಮ ಕತ್ತರಿಸಿದ ನನ್ನದೇ ಕಟಿಂಗ್ ಸೆಕ್ಷನ್, ನನ್ನನ್ನು ಬಿಟ್ಟು ನಲವತ್ತು ಜನ, ಆ ಹಾಳು ಕಾಗದ ನಂಬಿ ಕೈಬಿಟ್ಟರು. ಅಣ್ಣನೂ ಅಲ್ಲೇ ಕೆಲಸ. ಅವನೂ ನಂಬಿದ. ಅಂದಿನಿಂದ ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ.

ಕರಪತ್ರ ಹೇಗೆ ಹಂಚಿದರು ಅನ್ನುವುದಕ್ಕೆ ಸಾಕ್ಷಿ ಇಲ್ಲ ಅಂತ ಆಗ ನನ್ನ ದೂರು ಕಸದ ಬುಟ್ಟಿಗೆ ಹೋಯಿತು. ನಾನು ಕ್ವಾಲಿಟಿ ಸೆಕ್ಷನ್ನಿಗೆ ಬದಲಾಯಿಸಿಕೊಂಡೆ, ಯಾರಿಗೂ ಬೇಡವಾದ ಈ ಸಮಿತಿಗೆ ಸೇರಿಕೊಂಡೆ. ಇದೇ ದಿನಕ್ಕೆ ಕಾದು ಕೂತಿದ್ದೆ.

ಮಾರ್ಚ್ 5, ಮಂಗಳವಾರ. ಸಂಜೆ 4.15

ಮೊದಲ ವಿಚಾರಣೆ. ಯೂನಿಯನ್ ರೂಮಿನ ಮೇಜಿನ ಒಂದು ಕಾಲು ಗಿಡ್ಡ, ಮಡಿಸಿದ ರಟ್ಟು ಕೊಟ್ಟಿದ್ದೇವೆ. ಸ್ಟೋರಿನ ಅಕ್ಕ ಹೆದರಿ ಎಲ್ಲ ಹೇಳಿಬಿಟ್ಟರು.

"ಊಟದ ಟೈಮಲ್ಲಿ ಬಂದು ಅವರೇ ಹಾಕಿದ್ರು ಮೇಷ್ಟ್ರೇ. ಪ್ರತಿ ಜೊತೆಯಲ್ಲೂ ಬಲಗೈದಕ್ಕೆ. ಕಾರ್ಯದರ್ಶಿ ಅಲ್ವಾ, ಬೇಡ ಅನ್ನೋಕೆ ಬಾಯಿ ಬರಲಿಲ್ಲ."

"ಎಷ್ಟು ಜೊತೆ?"

"ಐವತ್ತೈದು. ಕಟಿಂಗ್ ನಲವತ್ತೊಂದು, ಪ್ಯಾಕಿಂಗ್ ಹದಿನಾಲ್ಕು. ಬೇರೆ ಯಾರಿಗೂ ಗ್ಲೌಸ್ ಇಲ್ಲ."

ಮೇಷ್ಟ್ರು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು. ಐವತ್ತೈದು ಜನ ಓದಿದ್ದಾರೆ, ಅಂತರ ಮೂವತ್ತೊಂದು. "ಫಲಿತಾಂಶ ಬದಲಾಗಿರಬಹುದು ಅಂತಾಯ್ತಲ್ಲಮ್ಮ?"

ನನಗೆ ಗೊತ್ತಿತ್ತು. ಕಟಿಂಗ್‌ನಲ್ಲಿ ಬಲಗೈ ಗ್ಲೌಸ್ ಯಾರೂ ಹಾಕುವುದಿಲ್ಲ. ಎಡಗೈ ಚರ್ಮ ಹಿಡಿಯುತ್ತದೆ, ಅದಕ್ಕೆ ಗ್ಲೌಸ್ ಬೇಕು. ಬಲಗೈಯಲ್ಲಿ ಚಾಕು, ಬೆರಳಿಗೆ ಹಿಡಿಯ ಬಿಗಿ ತಿಳಿಯಬೇಕು. ಕಟ್ಟು ಬಿಚ್ಚಿದ ಕೂಡಲೇ ಬಲಗೈದು ಸೀದಾ ಕಸದ ಡ್ರಮ್ಮಿಗೆ. ನಲವತ್ತೊಂದು ಜನರಲ್ಲಿ ಒಬ್ಬರೂ ಅದರೊಳಗೆ ಬೆರಳು ಹಾಕಿರುವುದಿಲ್ಲ. ಓದಿದವರು ಪ್ಯಾಕಿಂಗ್‌ನ ಹದಿನಾಲ್ಕೇ ಜನ. ಆ ಅಷ್ಟೂ ಜನ ಡ್ರೈವರ್ ಕಡೆಯಿಂದ ಮೀಸೆ ಕಡೆಗೆ ತಿರುಗಿದ್ದರೂ ಒಬ್ಬರಿಗೆ ಎರಡರಂತೆ ಅಂತರದಲ್ಲಿ ಇಪ್ಪತ್ತೆಂಟರ ವ್ಯತ್ಯಾಸ. ಮೀಸೆ ಆಗಲೂ ಗೆಲ್ಲುತ್ತಿದ್ದ.

ಮೇಷ್ಟ್ರಿಗೆ ಇದು ಗೊತ್ತಿಲ್ಲ. ಕ್ಲರ್ಕ್‌ಗೂ ಗೊತ್ತಿಲ್ಲ. ಮೀಸೆ ಹೊಲಿಗೆಯವನು, ಗ್ಲೌಸ್ ಮುಟ್ಟಿದವನೇ ಅಲ್ಲ.

"ಹೌದು ಮೇಷ್ಟ್ರೇ," ಅಂದೆ.

ಮಾರ್ಚ್ 6, ಬುಧವಾರ

ತೀರ್ಪಿನ ಕರಡು ನಾನೇ ಬರೆಯುತ್ತಿದ್ದೇನೆ. ಮೂರು ಸಲ ಹರಿದೆ, ಸಿಟ್ಟಿನಿಂದಲ್ಲ, ಖುಷಿಯಿಂದ. ಒಂದೊಂದು ಪದವೂ ಮೀಸೆಗೆ ಚುಚ್ಚಬೇಕು. ಅವನ ಹಾರ ಇನ್ನೂ ಯೂನಿಯನ್ ರೂಮಿನ ಮೊಳೆಯಲ್ಲಿ ತೂಗುತ್ತಿದೆ. ಒಣಗಲಿ.

ಇವರಿಗೆ ಗ್ಲೌಸಿನ ವಿಷಯ ಹೇಳಿದೆ. ಹೇಳಬಾರದಿತ್ತು.

"ಗೊತ್ತಿದ್ದೂ ಸಹಿ ಹಾಕ್ತೀಯಾ? ನಿಮ್ಮಣ್ಣನ ರಿಪೋರ್ಟಿಗೆ ಹಾಕಿದ ಹಾಗೆ?"

"ಅದೂ ಇದೂ ಒಂದೇನಾ? ಸೆಕ್ಷನ್ ಪ್ರತಿನಿಧಿ ಅಂದ್ಮೇಲೆ ನೂರು ಕಾಗದಕ್ಕೆ ಸಹಿ ಹಾಕ್ಬೇಕು. ನಿಮ್ಮ ಕೆಲಸ ನೋಡ್ಕೊಳ್ಳಿ."

ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಹೋಗಲಿ. ಅವರ ಹೆಸರಿಗೂ ಮಸಿ ಬಳಿದಿದ್ದರು, ಅವರಿಗೆ ರೋಷವೇ ಇಲ್ಲ.

ಮಾರ್ಚ್ 11, ಸೋಮವಾರ. ಮಧ್ಯಾಹ್ನ 3.00

ಎರಡನೆಯ ವಿಚಾರಣೆ. ಮೀಸೆ ಬೆವರುತ್ತಿದ್ದ. ನೋಡುವುದಕ್ಕೆ ಎರಡು ಕಣ್ಣು ಸಾಲದು. ಕೊನೆಗೆ ಮೇಜು ಗುದ್ದಿದ. ರಟ್ಟು ಜಾರಿತು.

"ಏನ್ ಮಹಾ ಅಪರಾಧ ಮಾಡ್ಬಿಟ್ಟೆ ನಾನು? ಹೋದ ಸಲವೂ ಗ್ಲೌಸಲ್ಲೇ ಹಾಕಿದ್ದೆ. ಹೀಗೇ, ಬಲಗೈದರಲ್ಲೇ. ಆಗ ಒಬ್ಬರೂ ತುಟಿ ಬಿಚ್ಚಲಿಲ್ಲ. ಈಗ ಮಾತ್ರ ತಪ್ಪಾ?"

ತನ್ನ ಬಾಯಿಂದಲೇ! ಮೂರು ವರ್ಷ ಸಿಗದ ಸಾಕ್ಷಿ! ಮೇಷ್ಟ್ರು ಅದನ್ನೂ ಬರೆದುಕೊಂಡರು. ಎದ್ದು ಕುಣಿಯಬೇಕು ಅನ್ನಿಸಿತು. ನಾಡಿದ್ದು ಸಹಿ. ಮೀಸೆಯ ಕಥೆ ಮುಗಿಯಿತು.

ಸಂಜೆ 6.40

ಕುಕ್ಕರ್ ಎಷ್ಟು ಸಲ ಕೂಗಿತೋ ಎಣಿಸಲಿಲ್ಲ.

ಹೋದ ಸಲವೂ ಬಲಗೈ ಗ್ಲೌಸಿನಲ್ಲಿ.

ಹಾಗಾದರೆ ಕಟಿಂಗ್‌ನವರು...

ಮಾರ್ಚ್ 12, ಮಂಗಳವಾರ. ಮಧ್ಯಾಹ್ನ 1.30

ಸ್ಟೋರಿನ ಅಕ್ಕನನ್ನು ಕೇಳಿದೆ, ಡ್ರಮ್ಮಿಗೆ ಬಿದ್ದ ಗ್ಲೌಸ್ ಏನಾಗುತ್ತದೆ ಅಂತ.

"ಅಯ್ಯೋ, ಒಂದೇ ಕೈದು ಯಾರಿಗೆ ಬೇಕು? ಗುಜರಿಯವನೂ ಮುಟ್ಟಲ್ಲ. ತಿಂಗಳಿಗೊಂದು ಚೀಲ ಕಟ್ಟಿ ಹಿಂದೆ ಗೋದಾಮಲ್ಲಿ ಒಟ್ಟಿದೀನಿ. ಬೇಕಾದ್ರೆ ಹೋಗಿ ನೋಡು, ಮೈಗೆಲ್ಲ ಧೂಳು."

ಚೀಲದ ಮೇಲೆ ತಿಂಗಳು, ವರ್ಷ. ನನ್ನ ಎಲೆಕ್ಷನ್ ತಿಂಗಳಿನದು ತಳದಲ್ಲಿತ್ತು. ಎಳೆದು ಬಿಚ್ಚಿದೆ. ಪ್ರತಿ ಗ್ಲೌಸಿನ ಮೇಲೂ ಅದು ಯಾರದೋ ಅವರ ಟೋಕನ್ ನಂಬರ್. ಮೊದಲು ಸಿಕ್ಕಿದ್ದು 19, ನನ್ನದೇ. ಒಳಗೆ ಮಡಿಸಿದ ಕಾಗದ. ನನ್ನ ಮೇಲಿನ ಕರಪತ್ರವನ್ನು ನಾನೇ ಡ್ರಮ್ಮಿಗೆ ಎಸೆದಿದ್ದೆ. ಕೂತು ಒಂದೊಂದಾಗಿ ತೆಗೆದೆ. ನಲವತ್ತೊಂದು ಕಾಗದ. ಮಡಿಕೆ ಗರಿಗರಿ, ಒಂದೂ ಬಿಚ್ಚಿರಲಿಲ್ಲ. 27 ಅಣ್ಣನದು. ಅದೂ.

ಯಾರೂ ಓದಿರಲಿಲ್ಲ. ಅಣ್ಣ ಓದಿರಲಿಲ್ಲ.

ಆಗಲೂ ಓದಿದವರು ಪ್ಯಾಕಿಂಗ್‌ನ ಹದಿನಾಲ್ಕೇ ಜನ. ಅದೇ ಇಪ್ಪತ್ತೆಂಟು. ನಾನು ಸೋತದ್ದು ಮೂವತ್ತನಾಲ್ಕರಿಂದ. ಮೀಸೆ ಆ ಕಾಗದ ಹಾಕದಿದ್ದರೂ ಸೋಲುತ್ತಿದ್ದೆ.

ಗೋದಾಮಿನಲ್ಲೇ ಅತ್ತೆ. ದುಃಖಕ್ಕಲ್ಲ, ಅವಮಾನಕ್ಕೆ.

ಮಾರ್ಚ್ 13, ಬುಧವಾರ. ಸಂಜೆ 5.00

ಮೇಷ್ಟ್ರ ಮುಂದೆ ಎರಡು ಚೀಲ ಸುರಿದೆ, ಈ ಸಲದ್ದು, ಹೋದ ಸಲದ್ದು. ಎಲ್ಲ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದರು.

"ಅವತ್ತೇ ಯಾಕೆ ಹೇಳಲಿಲ್ಲಮ್ಮ?"

"ಹೇಳೋಕೆ ಮನಸ್ಸಿರಲಿಲ್ಲ ಮೇಷ್ಟ್ರೇ."

ಫಲಿತಾಂಶ ಹಾಗೇ ನಿಂತಿತು. ಮೀಸೆಗೆ ಎಚ್ಚರಿಕೆ ಪತ್ರ. ಹೊರಗೆ ಬಂದು ಮತ್ತೆ ಕೈ ಮುಗಿದ, ಈ ಸಲ ನಗುತ್ತಾ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೆ ನನ್ನ ಸೋಲನ್ನು ಅವನ ತಲೆಗೆ ಕಟ್ಟಲು ಇನ್ನು ಆಗುವುದಿಲ್ಲ.

ಬರೆದೇ ಬಿಡುತ್ತೇನೆ. ಆ ಎಲೆಕ್ಷನ್ನಿಗೆ ಎರಡು ತಿಂಗಳು ಮುಂಚೆ ಅಣ್ಣನ ಎಡಗೈಯ ಎರಡು ಬೆರಳು ಹೋದವು. ಗ್ಲೌಸ್ ಹಾಕದೇ ಕೆಲಸ ಮಾಡುತ್ತಿದ್ದ ಅಂತ ಮ್ಯಾನೇಜರ್ ರಿಪೋರ್ಟ್ ಬರೆಸಿದರು. ಸಹಿ ಹಾಕದಿದ್ದರೆ ತನಿಖೆ ಮುಗಿಯುವವರೆಗೂ ಸೆಕ್ಷನ್ ಮುಚ್ಚುತ್ತೇವೆ ಅಂದರು. ಪ್ರತಿನಿಧಿ ನಾನು. ಎಲ್ಲರ ಒಳ್ಳೆಯದಕ್ಕೆ ಅಂದುಕೊಂಡು ಹಾಕಿದೆ. ಅಣ್ಣನಿಗೆ ಪರಿಹಾರ ಸಿಗಲಿಲ್ಲ. ಸೆಕ್ಷನ್ನಿನಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಸುಮ್ಮನೆ ಹೋಗಿ ನನ್ನ ವಿರುದ್ಧ ಓಟು ಹಾಕಿ ಬಂದರು.

ಮಾರ್ಚ್ 14, ಗುರುವಾರ. ಸಂಜೆ 5.50

ಅಣ್ಣನ ಮನೆ ಎದುರಿನ ಬಸ್ ಸ್ಟಾಪು. ಮೂರು ಬಸ್ಸು ಬಿಟ್ಟೆ. ಅತ್ತಿಗೆ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಾ ಒಮ್ಮೆ ನೋಡಿದರು, ಒಳಗೆ ಹೋದರು.

ಏನು ಹೇಳಬೇಕು ಅಂತ ಬರೆದುಕೊಳ್ಳುತ್ತಿದ್ದೇನೆ, ಅವನ ಎದುರು ಬಾಯಿ ಕಟ್ಟಬಾರದು.

ಅಣ್ಣ ಹೊರಗೆ ಬಂದ. ಎಡಗೈಯಲ್ಲಿ ಕಸದ ಬುಟ್ಟಿ. ನನ್ನನ್ನು ಕಂಡು ಗೇಟಿನ ಹತ್ತಿರವೇ ನಿಂತಿದ್ದಾನೆ. ಒಳಗೆ ಹೋಗುತ್ತಿಲ್ಲ.

ಅಣ್ಣಾ, ಅವತ್ತು ನೀನು ಗ್ಲೌಸ್ ಹಾಕಿದ್ದೆ. ಹಳೇದು, ಹರಿದಿತ್ತು. ನಾನು ಪಕ್ಕದ ಮೇಜಿನಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೆ. ನೋಡಿಯೂ —