ಬೇಹುಗಾರರ ಪಿಕ್ಚರಿಗೆ ಕನ್ನಡ ಹೇಳಿದವನು

ವಿಜಾಪುರ
೧೨-೧೨-೧೯೪೮

ಗೆಳೆಯ ಬಸಗೊಂಡಪ್ಪನಿಗೆ ಸೈಫುದ್ದೀನನ ಸಲಾಮು.

ನಿಡೋಣಿಯಿಂದ ನೀನು ಬರೆದ ಎರಡೂ ಪತ್ರ ಮುಟ್ಟಿವೆ. ಉತ್ತರ ತಡವಾಯಿತು, ಬೇಸರಪಡಬೇಡ. ನಾನು ಪೆನ್ನು ಹಿಡಿದರೆ ಸಾಕು, ಮದೀನಾಬಿ ಅಂಜುತ್ತಾಳೆ. "ಮತ್ತೇನ್ ಬರಿಯಾಕತ್ತೀರಿ? ಬರದದ್ದು ಸಾಲಿಲ್ಲೇನು?" ಎಂದು ಕಾಗದ ಕಸಿಯುತ್ತಾಳೆ. ಇವತ್ತು ಅವಳು ತವರಿಗೆ ಹೋಗಿದ್ದಾಳೆ.

ಏನಾಯಿತೆಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ಆಗಸ್ಟಿನಲ್ಲಿ ಸ್ಟೇಷನ್ ಬಯಲಿನ ತಂಬು ಟಾಕೀಜಿಗೆ ವಿಲಾಯತಿ ಬೇಹುಗಾರರ ಪಿಕ್ಚರ್ ಬಂತು. ಬಡಪಾಯಿ ಪಿಕ್ಚರು. ಒಂದೇ ಮೆಟ್ಟಿಲನ್ನು ಮೂರು ಮನೆಗಳಲ್ಲಿ ತೋರಿಸಿದ್ದರು. ಲಂಡನ್ನಿನ ಮಂಜು ಹಸಿ ಕುಳ್ಳಿನ ಹೊಗೆಯಂತಿತ್ತು. ಜನಕ್ಕೆ ಇಂಗ್ಲಿಷ್ ತಿಳಿಯದು. ಮಾಲೀಕ ನನ್ನ ಟ್ಯೂಷನ್ ಕೋಣೆಗೆ ಬಂದು, "ಮಾಸ್ತರ, ಪರದೆ ಬಾಜೂಕ ನಿಂತು ನಮ್ಮ ಮಾತಿನ್ಯಾಗ ಹೇಳ್ರಿ" ಎಂದ. ಒಪ್ಪಿದೆ. ಮರೆಯದಿರಲೆಂದು ವಹಿಯಲ್ಲಿ ಬರೆದುಕೊಂಡೆ: 'ಸೇತುವೆ ಕೆಳಗೆ ಮದ್ದು. ರೈಲು ನಾಲ್ಕಕ್ಕೆ. ಕಪ್ಪು ಕೋಟಿನವ ನಮ್ಮವ.' ನನ್ನ ಮಾತು ಕೇಳಲೆಂದೇ ತೊರವಿಯಿಂದ ಗಾಡಿ ಕಟ್ಟಿಕೊಂಡು ಬಂದರು. ನಾನೂ ಉಬ್ಬಿಹೋದೆ.

ಸೆಪ್ಟೆಂಬರಿನಲ್ಲಿ ನಿಜಾಮನ ಗಡಿಯಲ್ಲಿ ಗದ್ದಲ ಎದ್ದಿತು. ಊರಲ್ಲಿ ಗುಮಾನಿ. ಯಾರೋ ನನ್ನ ಹೆಸರು ಹೇಳಿದರು. ಚೌಕಿಯವರು ಬಂದು ಮನೆ ಜಾಲಾಡಿದಾಗ ವಹಿ ಸಿಕ್ಕಿತು.

"ಯಾವ ಸೇತುವಿ? ಯಾವ ರೈಲು?" ಎಂದ ಫೌಜದಾರ.

"ಅದು ಪಿಕ್ಚರಿಂದ್ರಿ, ಸಾಹೇಬರ."

"ಎಲ್ಲೈತಿ ಪಿಕ್ಚರ್? ತೋರ್ಸು."

ತಂಬು ಆಗಲೇ ರೀಲುಗಳೊಂದಿಗೆ ಸೊಲ್ಲಾಪುರಕ್ಕೆ ಹೋಗಿತ್ತು.

ಇಪ್ಪತ್ಮೂರು ದಿನ ಒಳಗಿದ್ದೆ. ಕಡೆಗೆ ಮದೀನಾಬಿಯೇ ಸೊಲ್ಲಾಪುರಕ್ಕೆ ಹೋಗಿ ಮಾಲೀಕನನ್ನು ಕರೆತಂದಳು. ಅವನು ಪಿಕ್ಚರಿನ ಕಥೆ ಅಚ್ಚಾದ ಹಾಳೆ ಮುಂದಿಟ್ಟ. ಫೌಜದಾರ ಓದಿಸಿ ಕೇಳಿ ನಕ್ಕ. "ಇಷ್ಟ ಏನು? ಮೊದಲ ಹೇಳಬಾರದೇನೋ ಮಾಸ್ತರ?"

ದಿನಾ ಹೇಳಿದ್ದೆ, ಬಸಗೊಂಡ. ಏಟು ಬಿದ್ದಾಗಲೂ ಹೇಳಿದ್ದೆ.

ಈಗ ಟ್ಯೂಷನ್ನಿಗೆ ಯಾರೂ ಬರುವುದಿಲ್ಲ. ಆಗ ಚಪ್ಪಾಳೆ ಹೊಡೆದವರು ಈಗ ನನ್ನನ್ನು ಕಂಡರೆ ರಸ್ತೆಯ ಆ ಮಗ್ಗುಲಿಗೆ ಸರಿಯುತ್ತಾರೆ. ಬಿಡುಗಡೆಯಾಗಿ ಬಂದವನ ಮೇಲಿನ ಗುಮಾನಿಯೂ ಹೋಗುವುದಿಲ್ಲವಂತೆ.

ಹೊಲಕ್ಕೆ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನಲು ಕರೆದಿದ್ದೀ. ಬರಲಾರೆ. ನಿನ್ನ ಮಗಳು ರೇಣುಕವ್ವ ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ. ನಿನ್ನ ತಾಯಿಗೆ ನನ್ನ ಶರಣು ಹೇಳು.

ಇಂತಿ,
ಸೈಫುದ್ದೀನ

ತಾ.ಕ.: ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ನಾನು ಒಳಗಾದ ಎರಡನೆಯ ದಿನ ಎತ್ತು ಕಳುವಾದ ದೂರು ಕೊಡಲು ನೀನು ಚೌಕಿಗೆ ಬಂದಿದ್ದೆ. ಬಾಗಿಲ ಹಿಂದೆ ಕೂತಿದ್ದ ನನಗೆ ನಿನ್ನ ದನಿ ಕೇಳಿತು. ಬಂದ ನಮ್ಮ ಬಸಗೊಂಡ ಎಂದು ಎದ್ದು ನಿಂತೆ, ಟೋಪಿ ಸರಿಮಾಡಿಕೊಂಡೆ. "ಪಿಕ್ಚರ್ ಮಾಸ್ತರ ನಿಮಗ ಗುರ್ತೇನ್ರಿ?" ಎಂದು ಫೌಜದಾರ ಕೇಳಿದ. ಟಿಕೋಟಾ ಸಾಲಿಯಲ್ಲಿ ಏಳು ವರ್ಷ ನನ್ನ ಪಕ್ಕ ಕೂತವನು ನೀನು.

"ತಂಬಿನ್ಯಾಗ ಒಮ್ಮಿ ನೋಡೇನ್ರಿ" ಎಂದೆ ನೀನು. "ಗುರ್ತ ಇಲ್ರಿ."

ನಾನು ಮತ್ತೆ ಕೂತೆ.