ಕೂಸಿನ ತೂಕದ ಬೆಲ್ಲ

8 ಜನವರಿ, ಸೋಮವಾರ
ಬ್ಯಾಂಕಿನಿಂದ ಪಾಂಡವಪುರದ ಮನೆಗೆ ಬಂದಾಗ ಕತ್ತಲು. ಅದೇ ದೃಶ್ಯ — ಮಗಳು ಸಿಂಚನ ಮೊಬೈಲ್ ನೋಡುತ್ತಾ ಬಾಯಿ ತೆರೆಯುವುದು, ಅತ್ತೆ ತುಪ್ಪದ ಅನ್ನ ತುಂಬುವುದು. ಮಗು ಮುಖ ತಿರುಗಿಸಿದರೆ ಅತ್ತೆ ಮೊಬೈಲನ್ನೂ ಆ ಕಡೆಗೇ ತಿರುಗಿಸುತ್ತಾರೆ. ಬಾಯಿ ಮತ್ತೆ ತೆರೆಯುತ್ತದೆ.
"ಸಾಕು ಅತ್ತೆ, ಬೇಡ ಅಂತಿದಾಳೆ."
"ಒಟ್ಟೆ ತುಂಬುದ್ದು ಕೂಸಿಗೇನ್ ಗೊತ್ತಾಯ್ತದಮ್ಮಿ? ಇನ್ನೊಂದ್ ತುತ್ತು, ಅಷ್ಟೆ."
ಎರಡು ವರ್ಷದ ಮಗುವಿಗೆ ನಾಲ್ಕು ವರ್ಷದವರ ಫ್ರಾಕ್. ಬೀದಿಯವರೆಲ್ಲ ಕೆನ್ನೆ ಚಿವುಟಿ ಗುಂಡಮ್ಮ ಅನ್ನುತ್ತಾರೆ. ನಾನೂ ಹಿಗ್ಗಿದವಳೇ. ಆದರೆ ಮೊನ್ನೆ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಳು... ನಾಳೆ ರಜೆ ಹಾಕಿ ಡಾಕ್ಟರ ಹತ್ತಿರ.

9 ಜನವರಿ
ಶ್ರೀರಂಗಪಟ್ಟಣದ ಮಕ್ಕಳ ಡಾಕ್ಟರು ಬೈಯಲಿಲ್ಲ. ವಯಸ್ಸಿಗೆ ತಕ್ಕ ತೂಕದ ಚಾರ್ಟ್ ತೋರಿಸಿದರು. ಸಿಂಚನಳ ಚುಕ್ಕೆ ಎಲ್ಲ ಗೆರೆಗಳಿಗಿಂತ ಮೇಲೆ. ಉಪವಾಸ ಕೆಡವಬೇಡಿ, ಮನೆ ಊಟವೇ ಕೊಡಿ. ಸಕ್ಕರೆ ಹಾಲಿನ ಬಾಟಲ್, ಬಿಸ್ಕತ್ತು ಬಿಡಿಸಿ. ಉಣ್ಣುವಾಗ ಮೊಬೈಲ್ ಬೇಡ. ಮುಖ ತಿರುಗಿಸಿದರೆ ಊಟ ಮುಗಿಯಿತು ಅಂತ ಅರ್ಥ.
ಅತ್ತೆಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು ಅಂದರು —
"ದಿನ ತುಂಬೋಕ್ ಮುಂಚೇನೆ ಉಟ್ದಾಗ ಅಂಗೈ ಅಗಲ ಇತ್ತು ಕಣಮ್ಮಿ ಈ ಕೂಸು. ಉಳಿಸ್ಕೊಡು, ಇದ್ರ ತೂಕದ ಬೆಲ್ಲ ಕೊಡ್ತೀನಿ ಅಂತ ದೇವ್ರ ಮುಂದೆ ಸೆರಗೊಡ್ಡಿವ್ನಿ. ನನ್ ತವ್ರು ಬೂಕನಕೆರೇಲಿ ತುಲಾಭಾರ ಆಗೋಗಂಟ ಒಂದ್ ಗುಂಜಿ ತೂಕ ಇಳಿಯಂಗಿಲ್ಲ. ಆಮೇಕೆ ನಿನ್ ಡಾಕ್ಟ್ರು ಏಳ್ದಂಗೆ ಮಾಡ್ಕೊ."
ಆಸ್ಪತ್ರೆಯ ಗಾಜಿನಾಚೆ ನಿಂತು ನಾನೂ ಏನೇನೋ ಬೇಡಿಕೊಂಡಿದ್ದೆ. ಯಾವ ಬಾಯಲ್ಲಿ ಹರಕೆಯನ್ನು ಅಲ್ಲಗಳೆಯಲಿ? ಆದರೂ — ಆ ಭಯ ಮುಗಿದು ಎರಡು ವರ್ಷವಾಯಿತಲ್ಲ.
ಬಾಟಲನ್ನು ಕಸಕ್ಕೆ ಹಾಕಿದೆ.

17 ಜನವರಿ
ಹೊಸ ಬಾಟಲ್ ಬಂದಿದೆ. ಗಂಡ ಲೋಕೇಶ್ ತಂದುಕೊಟ್ಟಿದ್ದು.
"ಅರಕೆ ಮುಗಿಯೋವರ್ಗೂ ತಾನೆ? ಅವ್ವಂಗೆ ಬೇಜಾರಾಯ್ತದೆ."
"ನಿಮ್ಮವ್ವನ ಬೇಜಾರೆಲ್ಲ ನಿಮ್ಮ ಮಗಳ ಹೊಟ್ಟೆಗೇ ಹೋಗ್ತಿದೆ," ಅಂದೆ.
ಗಂಡ ಟಿವಿ ಕಡೆ ತಿರುಗಿದರು. ಈ ಬಾಟಲನ್ನೂ ಕಸಕ್ಕೆ ಹಾಕಿದೆ. ಇನ್ನೊಂದು ತಂದರೆ ಅದನ್ನೂ.

28 ಜನವರಿ, ಭಾನುವಾರ
ತುಲಾಭಾರ ಆಯಿತು. ಅತ್ತೆಯ ತವರಿನವರೆಲ್ಲ ಬಂದಿದ್ದರು. ಒಂದು ತಟ್ಟೆಯಲ್ಲಿ ಸಿಂಚನ, ಇನ್ನೊಂದರಲ್ಲಿ ಅಚ್ಚುಬೆಲ್ಲ. ಇಟ್ಟಷ್ಟೂ ಸಾಲದು.
"ಏ ಪುಟ್ಟಗೌರಿ, ಆಲೆಮನೇನೆ ಬಳಿಸ್ಬುಟ್ಳಲ್ಲೇ ನಿನ್ ಮೊಮ್ಮಗ್ಳು!" ಎಂದು ಅತ್ತೆಯ ಅಕ್ಕ ಮಾಯಮ್ಮ ಕೂಗಿದಾಗ ದೇವಸ್ಥಾನವೆಲ್ಲ ನಗು. ತಕ್ಕಡಿ ಸಮ ನಿಂತಾಗ ಅತ್ತೆಯ ಕಣ್ಣು ತುಂಬಿತ್ತು. ನನ್ನದೂ. ಸುಳ್ಳೇಕೆ.
ಆಮೇಲೆ ಅತ್ತೆ ಬೆಲ್ಲ ಮುರಿದು ಮಗುವಿನ ಬಾಯಿಗಿಟ್ಟರು. ತಿಂದಳು. ಮತ್ತೊಂದು ಚೂರು, ತಿಂದಳು. ಮೂರನೆಯದಕ್ಕೆ ಮುಖ ತಿರುಗಿಸಿದಳು. ಅತ್ತೆ ಸೊಂಟದಿಂದ ಮೊಬೈಲ್ ತೆಗೆದರು.
ಅವರ ಕೈ ಹಿಡಿದುಕೊಂಡೆ. ಎಲ್ಲರ ಮುಂದೆ.
"ಬೇಡ ಅಂದಳು ಅತ್ತೆ."
"ಪರ್ಸಾದ ಕಣವ್ವ, ಬ್ಯಾಡ ಅನ್ಬಾರ್ದು," ಎಂದರು ಮಾಯಮ್ಮ.
"ಹರಕೆ ತೀರಿತು ದೊಡ್ಡಮ್ಮ. ಇನ್ನು ಇವಳ ಬಾಯಿ ಇವಳದ್ದು."
ಅತ್ತೆ ಕೈ ಬಿಡಿಸಿಕೊಂಡರು. "ಅಂಗಾರೆ ಇನ್ಮ್ಯಾಕೆ ನಿನ್ ಕೂಸ ನೀನೇ ಸಾಕ್ಕೊ." ಕಾರು ಹತ್ತಲಿಲ್ಲ. ತವರಲ್ಲೇ ಉಳಿದರು.
ಅಷ್ಟು ಜನರ ಮುಂದೆ ಕೈ ಹಿಡಿಯಬೇಕಿತ್ತೆ? ದಾರಿಯುದ್ದಕ್ಕೂ ಕೇಳಿಕೊಂಡೆ. ಹಿಡಿಯಬೇಕಿತ್ತು.

31 ಜನವರಿ, ಬುಧವಾರ
ಮೂರನೇ ದಿನ ರಜೆ. ಮ್ಯಾನೇಜರ್ ಮೆಸೇಜ್ ಮೇಲೆ ಮೆಸೇಜ್. "ಒಂದ್ ಸಲ ಸಾರಿ ಅಂದ್ಬುಡು, ಬತ್ತಾರೆ," ಎನ್ನುತ್ತಾರೆ ಲೋಕೇಶ್. ಬರಲಿ, ಖಂಡಿತ ಬರಲಿ. ಅವರಿಲ್ಲದೆ ನನಗೆ ನಡೆಯದು, ಸಿಂಚನಳಿಗಂತೂ ಇಲ್ಲವೇ ಇಲ್ಲ. ಆದರೆ ಸಾರಿ ಅನ್ನುವುದಿಲ್ಲ.
ಮಧ್ಯಾಹ್ನ ತಟ್ಟೆ ಅವಳ ಮುಂದಿಟ್ಟು ಕೂತೆ. ಮೊಬೈಲ್ ಇಲ್ಲ. ಮೊದಲು ರಂಪ. ಆಮೇಲೆ ತಾನೇ ಕಲಸಿ, ಅರ್ಧ ನೆಲಕ್ಕೆ, ಅರ್ಧ ಬಾಯಿಗೆ. ಆಮೇಲೆ ತಟ್ಟೆ ತಳ್ಳಿದಳು. ಇನ್ನೊಂದೇ ತುತ್ತು — ನನ್ನ ಬಾಯಿಗೂ ಬಂತು. ನುಂಗಿಕೊಂಡೆ. ತಟ್ಟೆ ಎತ್ತಿದೆ.
ಅಷ್ಟರಲ್ಲಿ ಅತ್ತೆಯ ಫೋನ್.
"ಕೂಸು ಉಣ್ತಾ?"
"ಉಂಡ್ಳು ಅತ್ತೆ. ತಾನೇ ಉಂಡ್ಳು."
"ಎಷ್ಟು ಉಣ್ತು?"
"ಅವಳಿಗೆ ಬೇಕಾದಷ್ಟು."
ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಕೊನೆಗೆ, "ಕೂಸಿನ್ ಕೈಗ್ ಕೊಡು," ಎಂದರು. ಕೊಟ್ಟೆ. ಅಜ್ಜಿಯ ದನಿ ಕೇಳಿದ್ದೇ ಸಿಂಚನ ಮೊಬೈಲ್ ನೋಡುತ್ತಾ ಅಗಲಕ್ಕೆ ಬಾಯಿ ತೆರೆದಳು.